ಮಗುವಿನ ಹಾಲುಹಲ್ಲು ಉಜ್ಜುವುದು ಹೇಗೆ?

"ಹೇಗೂ ಬಿದ್ದುಹೋಗುವ ಹಲ್ಲು ತಾನೇ ಡಾಕ್ಟ್ರೇ" ಎಂಬ ಮಾತನ್ನು ಮಕ್ಕಳ ದಂತವೈದ್ಯಳಾದ ನಾನು ವಾರದಲ್ಲಿ ಹಲವು ಬಾರಿ ಕೇಳುತ್ತೇನೆ. ಹಾಗೆ ಹೇಳುವವರು ಕಾಳಜಿಯಿಲ್ಲದ ತಂದೆತಾಯಿಗಳಲ್ಲ. ಮೂರು ವರ್ಷದ ಮಗು ರಾತ್ರಿಯೆಲ್ಲ ಕೆನ್ನೆ ಹಿಡಿದುಕೊಂಡು ಅತ್ತದ್ದನ್ನು ನೋಡಿ, ತಾವೂ ನಿದ್ದೆಗೆಟ್ಟು, ಬೆಳಗಾಗುತ್ತಲೇ ಓಡಿ ಬಂದವರು. ಮುಂದಿನ ಹಾಲುಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ ಎಂಬುದು ನಿಜ. ಆದರೆ ಹಿಂದಿನ ಹಾಲು ದವಡೆಹಲ್ಲುಗಳು 10ರಿಂದ 12 ವರ್ಷದವರೆಗೂ ಬಾಯಲ್ಲಿದ್ದು, ಅಡಿಯಲ್ಲಿ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಕಾದಿಡಬೇಕು. ಅವು ಹುಳುಕಾಗಿ ಐದನೆಯ ವರ್ಷಕ್ಕೇ ಹೋದರೆ, ಆಮೇಲೆ ಹುಟ್ಟುವ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಆ ಜಾಗವನ್ನು ಆಕ್ರಮಿಸುತ್ತದೆ. ನಿಜವಾಗಿ ಅಲ್ಲಿ ಬರಬೇಕಾದ ಹಲ್ಲು ಸೊಟ್ಟಗೆ ಬರುತ್ತದೆ ಅಥವಾ ಎಲುಬಿನೊಳಗೇ ಸಿಕ್ಕಿಕೊಳ್ಳುತ್ತದೆ. ಹಾಲುಹಲ್ಲಿನ ಹೊರಕವಚ ಶಾಶ್ವತ ಹಲ್ಲಿನದಕ್ಕಿಂತ ತೆಳುವಾಗಿರುವುದರಿಂದ ಹುಳುಕು ನರದವರೆಗೆ ಇಳಿಯಲು ಹೆಚ್ಚು ಕಾಲವೂ ಬೇಕಾಗುವುದಿಲ್ಲ.

ಮೊದಲ ಹಲ್ಲು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ಹುಟ್ಟುತ್ತದೆ. ಅಲ್ಲಿಯವರೆಗೆ ಒದ್ದೆ ಮಾಡಿದ ಶುಭ್ರವಾದ ಹತ್ತಿಬಟ್ಟೆಯಿಂದ ವಸಡನ್ನು ಒರೆಸಿದರೆ ಸಾಕು. ಹಲ್ಲು ಕಂಡ ದಿನದಿಂದಲೇ ಬ್ರಶ್ ಬೇಕು: ಎಳೆಗಳು ಮೆತ್ತಗಿರಲಿ, ತಲೆ ಚಿಕ್ಕದಾಗಿರಲಿ.

ಪೇಸ್ಟ್ ಆಯ್ಕೆಯಲ್ಲಿ ಬಹಳ ಜನ ಎಡವುತ್ತಾರೆ. ಕೊಳವೆಯ ಮೇಲಿನ ಚಿತ್ರವನ್ನಲ್ಲ, ಹಿಂದಿನ ಸಣ್ಣ ಅಕ್ಷರಗಳನ್ನು ಓದಬೇಕು. ಅಲ್ಲಿ ಹುಳುಕು ತಡೆಯುವ ಫ್ಲೋರೈಡ್ ಸುಮಾರು 1000 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗದಲ್ಲಿ 1000 ಭಾಗ) ಎಂದಿರಬೇಕು. ಮಕ್ಕಳಿಗೆಂದೇ ಮಾರುವ ಎಷ್ಟೋ ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ, ಹಣ್ಣಿನ ರುಚಿ ಮಾತ್ರ ಇರುತ್ತದೆ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರೆಗೆ ಬಟಾಣಿಕಾಳಿನಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಶ್ಶಿನ ಉದ್ದಕ್ಕೂ ಹಾಕಬಾರದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯಿಂದ ಬರುವ ಪೋಷಕರು, "ನಮ್ಮ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚಿದೆಯಲ್ಲ" ಎಂದು ಹಿಂಜರಿಯುತ್ತಾರೆ. ಅವರ ಆತಂಕ ನ್ಯಾಯವಾದದ್ದು. ಆದರೆ ಅಕ್ಕಿಕಾಳಿನಷ್ಟು ಪೇಸ್ಟಿನಲ್ಲಿರುವುದು ಸುಮಾರು 0.1 ಮಿಲಿಗ್ರಾಂ ಫ್ಲೋರೈಡ್, ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದ ನೀರನ್ನು ಒಂದು ಲೀಟರ್ ಕುಡಿದರೆ ಅದರ 15 ಪಟ್ಟಿಗೂ ಹೆಚ್ಚು ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ಅಂಥ ಊರುಗಳಲ್ಲಿ ಮೊದಲು ಬದಲಾಯಿಸಬೇಕಾದದ್ದು ಕುಡಿಯುವ ನೀರನ್ನು. ಪೇಸ್ಟಿನ ಬಗ್ಗೆ ದಂತವೈದ್ಯರನ್ನು ಕೇಳಿ ನಿರ್ಧರಿಸಬಹುದು. ಇದ್ದಿಲು, ಉಪ್ಪು, ಒರಟಾದ ಕೆಂಪು ಹಲ್ಲುಪುಡಿ ಇವುಗಳನ್ನು ಮಗುವಿನ ಬಾಯಿಗೆ ತರಲೇಬೇಡಿ. ತೆಳುವಾದ ಹೊರಕವಚವನ್ನು ಅವು ಸವೆಸುತ್ತವೆ.

ಇನ್ನು ಎಲ್ಲರೂ ಸೋಲುವ ಘಟ್ಟ. ಮಗುವನ್ನು ಬಚ್ಚಲಲ್ಲಿ ಎದುರಿಗೆ ನಿಲ್ಲಿಸಿಕೊಂಡು, ಗದ್ದ ಹಿಡಿದು, ಕಾಣುವ ನಾಲ್ಕು ಹಲ್ಲುಗಳ ಮೇಲೆ ಬ್ರಶ್ ಆಡಿಸಿ ಬಿಡುವುದು ನಮ್ಮ ಮನೆಗಳ ಪದ್ಧತಿ. ಮಗು ತಲೆ ಹಿಂದಕ್ಕೆ ಸರಿಸುತ್ತದೆ, ತುಟಿ ಬಿಗಿಯುತ್ತದೆ, ಒಳಗಿನದೇನೂ ಕಾಣಿಸುವುದಿಲ್ಲ. ಹಾಗೆ ಮಾಡಬೇಡಿ. ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯಲು ಅಜ್ಜಿಯರು ಕಾಲು ನೀಡಿ ಕೂರುವುದನ್ನು ನೋಡಿದ್ದೀರಲ್ಲ, ಹಾಗೆಯೇ ಹಾಸಿಗೆಯ ಮೇಲೆ ಕುಳಿತು, ಮಗುವಿನ ತಲೆ ನಿಮ್ಮ ತೊಡೆಯ ಮೇಲೆ, ಮುಖ ಮೇಲಕ್ಕೆ ಬರುವಂತೆ ಮಲಗಿಸಿಕೊಳ್ಳಿ. ದೀಪ ತಲೆಯ ಮೇಲಿರಲಿ. ಕೊಸರಾಡುವ ಮಗುವಾದರೆ ಇಬ್ಬರು ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕುಳಿತು, ಒಬ್ಬರು ಕೈಕಾಲು ಹಿಡಿದುಕೊಂಡರೆ ಇನ್ನೊಬ್ಬರು ಉಜ್ಜಬಹುದು.

ಈಗ ಎಡಗೈಯ ತೋರುಬೆರಳಿನಿಂದ ಮೇಲ್ದುಟಿಯನ್ನು ಎತ್ತಿ. ತುಟಿಯ ಒಳಭಾಗವನ್ನೂ ವಸಡನ್ನೂ ನಡುವೆ ಜೋಡಿಸುವ ಒಂದು ತೆಳು ಪಟ್ಟಿ ಕಾಣುತ್ತದೆ. ಬ್ರಶ್ ಅದಕ್ಕೆ ತಗುಲಿದರೆ ಚುರುಕ್ಕೆಂದು ನೋಯುತ್ತದೆ. ಬ್ರಶ್ ಕಂಡೊಡನೆ ಕಿರುಚುವ ಎಷ್ಟೋ ಮಕ್ಕಳ ಹಟಕ್ಕೆ ಮೂಲ ಈ ನೋವೇ. ಆದ್ದರಿಂದ ಬೆರಳನ್ನು ಆ ಪಟ್ಟಿಯ ಮೇಲೆ ಅಡ್ಡವಾಗಿಟ್ಟು ಮರೆಮಾಡಿ. ಬ್ರಶ್ಶಿನ ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನ ಮೇಲೆ ಇರುವಂತೆ ಹಿಡಿದು, ಒತ್ತದೆ, ಸಣ್ಣ ಸುತ್ತುಗಳಲ್ಲಿ ಉಜ್ಜಿ. ಮೇಲಿನ ಮುಂಭಾಗದ ಹಲ್ಲುಗಳಿಂದಲೇ ಶುರುಮಾಡಬೇಕೆಂಬುದು ನನ್ನ ಕಟ್ಟುನಿಟ್ಟಿನ ಸಲಹೆ. ಕೆಳಗಿನ ಮುಂಭಾಗದ ಹಲ್ಲುಗಳನ್ನು ನಾಲಿಗೆಯೂ ಜೊಲ್ಲೂ ಬಹುಮಟ್ಟಿಗೆ ಕಾಯುತ್ತವೆ. ಬಾಟಲಿ ಹಾಲಿನ ಹುಳುಕು ಮೊದಲು ಹಿಡಿಯುವುದು ಮೇಲಿನವನ್ನು.

ದವಡೆಹಲ್ಲಿನ ಹೊರಬದಿಗೆ ಹೋಗುವಾಗ "ಆ ಅನ್ನು" ಎನ್ನಬೇಡಿ. ಬಾಯಿ ಪೂರ್ತಿ ತೆರೆದಾಗ ಕೆನ್ನೆ ಬಿಗಿಯುತ್ತದೆ, ಬ್ರಶ್ ಒಳಗೆ ಹೋಗುವುದಿಲ್ಲ. ಬಾಯಿಯನ್ನು ಅರ್ಧ ಮುಚ್ಚಿಸಿ, ಬೆರಳಿನಿಂದ ಕೆನ್ನೆಯನ್ನು ಹೊರಕ್ಕೆ ಸರಿಸಿದರೆ ಸಾಕಷ್ಟು ಜಾಗ ಸಿಗುತ್ತದೆ. ಜಗಿಯುವ ಭಾಗಕ್ಕೆ ಮಾತ್ರ ಬಾಯಿ ಅಗಲಿಸಲಿ. ಒಟ್ಟು ಎರಡು ನಿಮಿಷ. ಮಗು ಅತ್ತರೆ ಗಾಬರಿಪಡಬೇಕಿಲ್ಲ, ಗದರಿಸಲೂ ಬಾರದು. ನಿಮಗೆ ಬರುವ ಹಾಡೊಂದನ್ನು ಹೇಳುತ್ತ ಮುಗಿಸಿ.

ಹೀಗೆ ತುಟಿ ಎತ್ತಿದಾಗ ತಿಂಗಳಿಗೊಮ್ಮೆಯಾದರೂ ಹಲ್ಲನ್ನು ಬಟ್ಟೆಯಿಂದ ಒರೆಸಿ ಒಣಗಿಸಿ ನೋಡಿ. ವಸಡಿನ ಪಕ್ಕದಲ್ಲಿ ಸುಣ್ಣ ಬಳಿದಂಥ ಮಂಕು ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಗುರುತು. ಆ ಹಂತದಲ್ಲಿ ಕೊರೆಯದೆಯೇ ಅದನ್ನು ತಡೆಯಲು ಸಾಧ್ಯ. ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯದೆ ಕರೆತನ್ನಿ. ಯಾವ ಗುರುತೂ ಇಲ್ಲದಿದ್ದರೂ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ತೋರಿಸಬೇಕು.

ರಾತ್ರಿ ಉಜ್ಜಿದ ಮೇಲೆ ನೀರಿನ ಹೊರತು ಏನೂ ಬೇಡ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಬಾಟಲಿಯ ಹಾಲು ಹಲ್ಲಿನ ಸುತ್ತ ಹಾಗೆಯೇ ನಿಲ್ಲುತ್ತದೆ. ಅದಕ್ಕೆ ಸಕ್ಕರೆಯೂ ಸೇರಿದ್ದರೆ ಹಾನಿ ಇನ್ನೂ ಹೆಚ್ಚು. ಬಾಟಲಿಯನ್ನು ಒಮ್ಮೆಲೇ ಬಿಡಿಸಲಾಗದಿದ್ದರೆ ದಿನದಿನಕ್ಕೆ ನೀರು ಹೆಚ್ಚಿಸುತ್ತ, ಕೊನೆಗೆ ಬರೀ ನೀರಿಗೆ ತನ್ನಿ. ಕೆಮ್ಮಿನ ಸಿಹಿ ಸಿರಪ್ಪನ್ನೂ ಉಜ್ಜುವ ಮೊದಲೇ ಕುಡಿಸಿ. ದೊಡ್ಡ ಮಕ್ಕಳು ಪೇಸ್ಟನ್ನು ಉಗುಳಿದರೆ ಸಾಕು, ನೀರು ತುಂಬಿಕೊಂಡು ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ.

ಏಳೆಂಟು ವರ್ಷದವರೆಗೆ ರಾತ್ರಿಯ ಬ್ರಶ್ ದೊಡ್ಡವರ ಕೈಯಲ್ಲೇ ಇರಬೇಕು, ಮುಖ್ಯವಾಗಿ ಆರನೆಯ ವರ್ಷದಲ್ಲಿ. ಆಗ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆಹಲ್ಲು ಸದ್ದಿಲ್ಲದೆ ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದೇ ತಿಳಿದು ಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಮೂಡುತ್ತಿರುವಾಗ ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಮುಂದಿನಿಂದ ಉಜ್ಜಿದರೆ ಬ್ರಶ್ ತಾಗುವುದೇ ಇಲ್ಲ. ಬ್ರಶ್ಶನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ತಂದು, ಆ ಒಂದೇ ಹಲ್ಲಿನ ಮೇಲಿಟ್ಟು, ಹತ್ತು ಬಾರಿ ಬೇರೆಯಾಗಿ ಉಜ್ಜಿ.