ಹಳೆ ಡ್ಯಾಕ್‌ನ ಚಿಪ್ ಹೋಗಿರಲಿಲ್ಲ, ವೋಲ್ಟೇಜ್ ಸಾಲುತ್ತಿರಲಿಲ್ಲ

ಫಿಲಿಪ್ಸ್ ಟಿಡಿಎ1541ಎ ಚಿಪ್ ಇರುವ ಹಳೆ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಮಾಡುವ ಪೆಟ್ಟಿಗೆ) ಒಂದನ್ನು ಸುಮಾರು 6 ಸಾವಿರಕ್ಕೆ ತಗೊಂಡಿದ್ದೆ. ರಾತ್ರಿ ಹನ್ನೊಂದರ ಮೇಲೆ ಚೆನ್ನಾಗಿ ಹಾಡುತ್ತಿತ್ತು. ಸಂಜೆ ಏಳಕ್ಕೆ ಹಾಕಿದರೆ ಹಮ್ಮಿಂಗ್. "ಚಿಪ್ ಹೋಗಿದೆ ಮಾರಾಯ, ಮಡಿಕೇರಿ ಥಂಡಿಗೆ ಇದೆಲ್ಲ ಉಳಿಯುತ್ತಾ?" ಅಂದ ವಿರಾಜಪೇಟೆಯ ಗೆಳೆಯ. ಬೆಂಗಳೂರಿನ ರಿಪೇರಿಯವರೂ ಅದನ್ನೇ ಹೇಳಿದರು. ಚಿಪ್ ಹೋಗಿದ್ದರೆ ರಾತ್ರಿ ಹೇಗೆ ಸರಿ ಇರುತ್ತೆ? ಯಾರೂ ಉತ್ತರ ಕೊಡಲಿಲ್ಲ.

ಆದರೂ ಇನ್ನೊಂದು ಚಿಪ್ ತರಿಸಿ ನೋಡಿದೆ. ಮೂರೂವರೆ ಸಾವಿರ ನೀರಿಗೆ ಹೋಯ್ತು. ಬಟ್ಟೆಗೆ ಸ್ವಲ್ಪ ಥಿನ್ನರ್ ಹಚ್ಚಿ ಒರೆಸಿದ್ದೇ ಮೇಲಿನ ಅಕ್ಷರ ಅಳಿಸಿಹೋಯ್ತು, ಅಡಿಯಲ್ಲಿ ಬೇರೆ ನಂಬರಿನ ಗುರುತು. ನಕಲಿ. ಹಳೆ ಚಿಪ್ಪನ್ನೇ ಇಟ್ಟುಕೊಂಡೆ. ಚಿಪ್ ಸುತ್ತಲಿನ 14 ಸಣ್ಣ ಕೆಪಾಸಿಟರ್‌ಗಳನ್ನೂ ಫಿಲ್ಮ್‌ಗೆ ಬದಲಿಸಿದೆ. ಅದಕ್ಕೆ ಎಂಟುನೂರೋ ಒಂಬೈನೂರೋ ಆಯ್ತು. ಹಮ್ಮಿಂಗ್ ಹಾಗೇ ಇತ್ತು. ಚಿಪ್‌ನ ಕಾಲುಗಳು ಕಪ್ಪಾಗಿದ್ದವು. ಕ್ಲೀನ್ ಮಾಡಿ ಹೊಸ ಬೇಸ್ (ಚಿಪ್ ಕೂರುವ ಸಾಕೆಟ್) ಹಾಕಿದ ಮೇಲೆ ಎಡ ಚಾನೆಲ್‌ನ ಕರಕರ ನಿಂತಿತು, ಅಷ್ಟೇ.

ಆಮೇಲೆ ವೇರಿಯಾಕ್ ತಂದೆ, ಅಂದರೆ ಮನೆ ಕರೆಂಟಿನ ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಸಿ ಇಳಿಸುವ ಸಾಧನ. ಹಳೆ ಡ್ಯಾಕ್ ಪರೀಕ್ಷೆ ಮಾಡುವವರಲ್ಲಿ ಹೆಚ್ಚಿನವರು ವೋಲ್ಟೇಜ್ ಇಳಿಸಿ ನೋಡುವುದಿಲ್ಲ, 230 ವೋಲ್ಟ್‌ನಲ್ಲಿ ಕೇಳಿ ತೀರ್ಪು ಕೊಟ್ಟುಬಿಡುತ್ತಾರೆ. ಮಳೆಗಾಲದ ಸಂಜೆ ನಮ್ಮ ಲೈನ್ ಕೊನೆಯಲ್ಲಿ 170 ಬಂದರೆ ಪುಣ್ಯ. ಹೆಡ್‌ಫೋನ್ ಹಾಕಿಕೊಂಡು ವೋಲ್ಟೇಜ್ ನಿಧಾನಕ್ಕೆ ಇಳಿಸಿದೆ. 205ರ ಆಸುಪಾಸಿನಲ್ಲಿ ಹಮ್ಮಿಂಗ್ ಶುರು. ಮೀಟರ್ ಇಟ್ಟು ನೋಡಿದರೆ ಚಿಪ್‌ಗೆ ಮೈನಸ್ 15 ವೋಲ್ಟ್ ಸ್ಥಿರವಾಗಿ ಕೊಡಬೇಕಾದ 7915 ರೆಗ್ಯುಲೇಟರ್‌ಗೆ 230ರಲ್ಲಿ 19 ವೋಲ್ಟ್ ಹೋಗುತ್ತಿತ್ತು, 170ಕ್ಕೆ ಇಳಿಸಿದರೆ 14. ಹದಿನಾಲ್ಕು ಕೊಟ್ಟರೆ ಹದಿನೈದು ಎಲ್ಲಿಂದ ಬರಬೇಕು? ರಿಪಲ್ (ಕರೆಂಟಿನ ಏರಿಳಿತ) ನೇರವಾಗಿ ಚಿಪ್‌ಗೇ ಹೋಗುತ್ತಿತ್ತು.

ಸ್ಟೆಬಿಲೈಸರ್ ಇಟ್ಟು ನೋಡಿದೆ, ರಿಲೇ ಬಿದ್ದಾಗೆಲ್ಲ ಸ್ಪೀಕರ್‌ನಲ್ಲಿ ಟಪ್ ಅನ್ನುತ್ತೆ. ಕೊನೆಗೆ ಕುಶಾಲನಗರದಲ್ಲಿ ಪಂಪ್ ಮೋಟರ್ ವೈಂಡಿಂಗ್ ಮಾಡುವವರ ಹತ್ತಿರ ಹೋದೆ. ಡ್ಯಾಕ್‌ನ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ (ಔಟ್‌ಪುಟ್ ಕಡೆಯ ಸುತ್ತು) 15ರ ಬದಲು 18 ವೋಲ್ಟ್‌ಗೆ ಸುತ್ತಿಸಿದೆ. "ಇಷ್ಟು ಚಿಕ್ಕದಕ್ಕೆ ಎಷ್ಟು ತಗೊಳ್ಳೋದು ಸಾರ್" ಅಂತ ಆರುನೂರಕ್ಕೆ ಮಾಡಿಕೊಟ್ಟರು. ಈಗ 170ರಲ್ಲೂ ರೆಗ್ಯುಲೇಟರ್‌ಗೆ 17 ದಾಟಿ ಸಿಗುತ್ತೆ. 250 ಬಂದಾಗ 26 ಆಗುವುದರಿಂದ ಹಳೆ 25 ವೋಲ್ಟ್ ಫಿಲ್ಟರ್ ಕೆಪಾಸಿಟರ್ ತೆಗೆದು 50 ವೋಲ್ಟ್‌ನದ್ದು ಹಾಕಲೇಬೇಕು, ರೆಗ್ಯುಲೇಟರ್‌ಗೆ ಹೀಟ್‌ಸಿಂಕ್ ಕೂಡ. ಪ್ರೈಮರಿ, ಸೆಕೆಂಡರಿ ನಡುವೆ ಒಂದು ಪದರ ಹಾಕಿಸಿದ್ದೇನೆ. ಅದು ಏನು, ಎಲ್ಲಿಗೆ ಕಟ್ಟಿದ್ದೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಮಧ್ಯೆ ಆ ಚಿಪ್‌ಗೆ ಮೊದಲು ಬರುವ ಎಸ್ಎಎ7220 ಡಿಜಿಟಲ್ ಫಿಲ್ಟರ್ ಐಸಿ ಕಿತ್ತು, ಬೇಸ್‌ನಲ್ಲೇ ತಂತಿ ಹಾಕಿ ಸಿಗ್ನಲ್ ನೇರ ಕೊಟ್ಟೂ ನೋಡಿದೆ. ಅದನ್ನು ಹೊಗಳುವವರು ಜಾಸ್ತಿ. 20 ಕಿಲೋಹರ್ಟ್ಸ್‌ನಲ್ಲಿ 3 ಡಿಬಿ (ಡೆಸಿಬೆಲ್) ಇಳಿಯುತ್ತೆ ಅಲ್ವಾ, ಪುತ್ತರಿ ಸುಗ್ಗಿ ಹಬ್ಬದಲ್ಲಿ ನಾನೇ ರೆಕಾರ್ಡ್ ಮಾಡಿದ ದುಡಿಯ (ಕೊಡಗಿನ ಸಣ್ಣ ಚರ್ಮವಾದ್ಯ) ಪೆಟ್ಟು ಮೊಂಡಾಯಿತು. ಆ ದುಡಿಯನ್ನು ಮೂರಡಿ ದೂರದಲ್ಲಿ ನಿಂತು ಕೇಳಿದವನು ನಾನು. ಐಸಿ ವಾಪಸ್ ಹಾಕಿದೆ.

ಹೊಸ ಡ್ಯಾಕ್ ಜೊತೆ ಹೋಲಿಸುವಾಗ ಮೊದಲು ಧ್ವನಿಯ ಮಟ್ಟ ಸರಿ ಮಾಡಿ. ಔಟ್‌ಪುಟ್ ನನ್ನದು 2.1 ವೋಲ್ಟ್, ಹೊಸದು 1.9. ಆ ಒಂದು ಡಿಬಿ ಹತ್ತಿರದ ವ್ಯತ್ಯಾಸಕ್ಕೇ ಜನ ಮಾರುಹೋಗುತ್ತಾರೆ. ಮಟ್ಟ ಕೂಡಿಸಿ, ಹೆಂಡತಿ ಕೈಗೆ ಸ್ವಿಚ್ ಕೊಟ್ಟು, ಗೆಳೆಯನನ್ನು ಬೆನ್ನು ತಿರುಗಿಸಿ ಕೂರಿಸಿದೆ. ದುಡಿ, ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಎರಡರಲ್ಲೂ ಹೆಚ್ಚಿನ ಸಲ ಹಳೆಯದನ್ನೇ ಆರಿಸಿದ. ಸ್ಯಾಕ್ಸೊಫೋನ್‌ನ ಉಸಿರು ದಪ್ಪಗೆ, ಮೈ ತುಂಬಿ ಕೇಳುತ್ತೆ. ತೀರಾ ಮೆಲ್ಲಗಿನ ಕಡೆ ಹೊಸದೇ ಶುಭ್ರ, ಅದನ್ನೂ ಒಪ್ಪುತ್ತೇನೆ.

ಬೂಷ್ಟು ಹಿಡಿಯದಂತೆ ಬಟ್ಟೆ ಕಪಾಟಿನಲ್ಲಿ ಬಲ್ಬ್ ಉರಿಸುತ್ತೇವಲ್ಲ, ಹಾಗೆ ಡ್ಯಾಕ್ ಅನ್ನು ಮಳೆಗಾಲ ಪೂರ್ತಿ ಆನ್‌ನಲ್ಲೇ ಬಿಡುತ್ತೇನೆ. ತಿಂಗಳಿಗೆ 9 ಯೂನಿಟ್ ಹತ್ತಿರ ಬರುತ್ತೆ. ನಕಲಿ ಚಿಪ್ ಬಿಟ್ಟರೆ ಒಟ್ಟು ಖರ್ಚು ಒಂಬತ್ತು ಸಾವಿರದ ಒಳಗೆ. ವೇರಿಯಾಕ್ ಇದರಲ್ಲಿ ಸೇರಿಲ್ಲ. ಅದು ಈಗ ಗೆಳೆಯನ ಮನೆಯಲ್ಲಿದೆ, ಅವನೂ ಒಂದು ಹಳೆ ಡ್ಯಾಕ್ ತಗೊಂಡಿದ್ದಾನೆ.