ಇಡ್ಲಿ ತಟ್ಟೇಲಿ ಸ್ಪೇಸ್‌ಶಿಪ್: ಚಿಲ್ಲರೆ ದುಡ್ಡಲ್ಲಿ ಮಂಗಳಕ್ಕೆ ಹೋಗಿ ಬಂದ ನನ್ನ ಅನುಭವ

ಹಳೇ ಕಡಿಮೆ ಬಜೆಟ್ ಸ್ಪೇಸ್ ಸಿನಿಮಾ ನೋಡಿ ಬಿದ್ದು ಬಿದ್ದು ನಗೋರು ತುಂಬ ಜನ ಇದಾರೆ, ನಾನೂ ನಗ್ತೀನಿ, ಆದ್ರೆ ಕೋಟಿಗಟ್ಲೆ ಸುರಿದು ಮಾಡಿದ ಗ್ರಾಫಿಕ್ಸ್ ಸಿನಿಮಾ ಮಾರನೇ ದಿನಕ್ಕೆ ಮರ್ತು ಹೋಗತ್ತೆ, ಇವು ಮಾತ್ರ ವರ್ಷಾನುಗಟ್ಲೆ ತಲೇಲಿ ಕೂತಿರತ್ತೆ. ಯಾಕೆ ಅಂತ ಸರಿಯಾಗಿ ಗೊತ್ತಾಗಿದ್ದು ನಾನೇ ಒಂದು ಮಾಡಿದಾಗ. ಮೊಬೈಲ್‌ನಲ್ಲೇ ತೆಗೆದ ಕಿರುಚಿತ್ರ, ಮಂಗಳ ಗ್ರಹಕ್ಕೆ ಹೋದ ಮೂರು ಜನ ವಾಪಸ್ ಬರೋಕೆ ಇಂಧನ ಸಾಲ್ದೆ ಯಾರು ಇಳೀಬೇಕು ಅಂತ ಕಿತ್ತಾಡೋ ಕಥೆ. ಕ್ಯಾಪ್ಟನ್ ಪಾತ್ರಕ್ಕೆ ನಮ್ಮ ಸೋದರಮಾವ, ಉಳಿದ ಇಬ್ರು ನನ್ನ ಫ್ರೆಂಡ್ಸು. ಸೆಟ್ಟು ನಮ್ಮನೆ ಕಾರ್ ಶೆಡ್ಡು, ಕಾರಿಲ್ಲ ಹಾಗಾಗಿ ಖಾಲಿನೇ ಇತ್ತು.

ಮೊದ್ಲು ಕಂಟ್ರೋಲ್ ಪ್ಯಾನೆಲ್ ವಿಷಯ. ಜಾನ್ ಕಾರ್ಪೆಂಟರ್ ಮತ್ತೆ ಡ್ಯಾನ್ ಒಬ್ಯಾನನ್ ಕಾಲೇಜ್ ಹುಡುಗ್ರಾಗಿದ್ದಾಗ ಶುರು ಮಾಡಿದ ‘ಡಾರ್ಕ್ ಸ್ಟಾರ್’ ಅಂತ ಒಂದು ಸಿನಿಮಾ ಇದೆ, 1974ರಲ್ಲಿ ಬಂತು, ಖರ್ಚು ಸುಮಾರು 60 ಸಾವಿರ ಡಾಲರ್. ಅದ್ರಲ್ಲಿ ಅಂತರಿಕ್ಷ ಹಡಗಿನ ಬಟನ್‌ಗಳು ಅಂತ ತೋರ್ಸೋದು ಫ್ರಿಡ್ಜಿನ ಐಸ್ ಟ್ರೇನ ಬೋರಲು ಹಾಕಿ ಕೆಳಗಡೆ ಲೈಟ್ ಬಿಟ್ಟಿರೋದು. ಅದನ್ನ ತಿಳ್ಕೊಂಡ ಮೇಲೆ ಅಡುಗೆಮನೇಲಿ ಕಂಡಿದ್ದೆಲ್ಲ ನಂಗೆ ಸ್ಪೇಸ್‌ಶಿಪ್ ಪಾರ್ಟ್ ಥರಾನೇ ಕಾಣೋಕೆ ಶುರುವಾಯ್ತು. ನಮ್ಮನೆ ಇಡ್ಲಿ ಸ್ಟ್ಯಾಂಡಿನ ತಟ್ಟೆಗಳಲ್ಲಿ ಹಬೆ ಬರೋಕೆ ಅಂತ ಸಣ್ಣ ಸಣ್ಣ ತೂತು ಇರತ್ತಲ್ಲ, ಅದ್ರ ಅಡಿ ದೀಪಾವಳಿಗೆ ಹಾಕೋ ಸೀರಿಯಲ್ ಸೆಟ್ ಇಟ್ಟು ಮೇಲೆ ಕೆಂಪು ಜಿಲೇಟಿನ್ ಪೇಪರ್ ಅಂಟಿಸಿದ್ರೆ, ಕತ್ತಲಲ್ಲಿ ನೋಡ್ಬೇಕು ನೀವು, ನಾಕು ಗುಂಡು ಗುಳಿ, ಪ್ರತಿಯೊಂದ್ರಲ್ಲೂ ಮಿಣುಕು ಮಿಣುಕು ಅನ್ನೋ ಕೆಂಪು ಚುಕ್ಕೆ, ಯಾವ ಡಿಸೈನರ್ ಕೂತು ಬರೆದ್ರೂ ಹಂಗೆ ಬರಲ್ಲ. ಅಮ್ಮ ಬಾಗಿಲಲ್ಲಿ ನಿಂತು "ಅದ್ರ ಮೇಲೆ ಪೇಂಟ್ ಗೀಂಟ್ ಹೊಡ್ದ್ಯೋ ನೋಡು, ನಾಳೆ ಬೆಳಿಗ್ಗೆ ನಂಗೆ ಬೇಕು" ಅಂದ್ರು. ಹಾಗಾಗಿ ಪ್ಯಾನೆಲ್ ದಿನಾ ರಾತ್ರಿ ಜೋಡ್ಸೋದು, ಬೆಳಿಗ್ಗೆ ಬಿಚ್ಚಿ ಇಡ್ಲಿಗೆ ಕೊಡೋದು.

ಗೋಡೆಗೆ ಮೊಟ್ಟೆ ಟ್ರೇ. ಇದೇನು ನನ್ನ ಸ್ವಂತ ಐಡಿಯಾ ಅಲ್ಲ, 1981ರ ‘ಗ್ಯಾಲಕ್ಸಿ ಆಫ್ ಟೆರರ್’ ಅನ್ನೋ, ರೋಜರ್ ಕಾರ್ಮನ್ ನಿರ್ಮಾಣದ ಸಿನಿಮಾಕ್ಕೆ ಸೆಟ್ ಹಾಕ್ತಿದ್ದ ಜೇಮ್ಸ್ ಕ್ಯಾಮರೂನ್, ಹೌದು ಅದೇ ಅವತಾರ್ ಕ್ಯಾಮರೂನ್, ಕಾರಿಡಾರ್ ಗೋಡೆಗೆ ಬರ್ಗರ್ ಪಾರ್ಸೆಲ್ ಮಾಡೋ ಫೋಮ್ ಡಬ್ಬಿಗಳನ್ನ ಅಂಟಿಸಿ ಪೇಂಟ್ ಹೊಡ್ಸಿದ್ರು. ನಮ್ಮಲ್ಲಿ ಮೊಟ್ಟೆ ಅಂಗಡಿಯೋರು ಹಳೇ ಟ್ರೇನ ಸುಮ್ನೆ ಕೊಡ್ತಾರೆ, ವಾಸನೆ ಹೋಗೋಕೆ ಬಿಸಿಲಲ್ಲಿ ಒಣಗ್ಸಿ ಆಮೇಲೆ ಗ್ರೇ ಪ್ರೈಮರ್ ಹೊಡೀರಿ. ಒಂದೇ ಗೋಡೆ ಮಾಡಿ ಸಾಕು, ಅದನ್ನೇ ಎಡದಿಂದ ಒಂದ್ಸಲ ಬಲದಿಂದ ಒಂದ್ಸಲ ತೆಗೆದು, ಲೈಟ್ ಕಲರ್ ಬದ್ಲಾಯ್ಸಿದ್ರೆ ಇಂಜಿನ್ ರೂಮೂ ಅದೇ ಬೆಡ್‌ರೂಮೂ ಅದೇ.

ಥರ್ಮಾಕೋಲ್ ಬಗ್ಗೆ ಒಂದ್ ಮಾತು. ಸ್ಪ್ರೇ ಪೇಂಟ್ ಡೈರೆಕ್ಟಾಗಿ ಹೊಡೆದ್ರೆ ಅದ್ರಲ್ಲಿರೋ ಸಾಲ್ವೆಂಟ್ ಥರ್ಮಾಕೋಲನ್ನ ತಿಂದು ಹಾಕತ್ತೆ, ಅದಕ್ಕೇ ಮೊದ್ಲು ನೀರು ಬೆರ್ಸಿದ ಫೆವಿಕಾಲ್ ಎರಡು ಕೋಟ್ ಕೊಡ್ಬೇಕು. ಆದ್ರೆ ಕ್ಷುದ್ರಗ್ರಹ ಮಾಡೋವಾಗ ಫೆವಿಕಾಲ್ ಬೇಡ, ಬೇಕಂತಲೇ ತಿನ್ನೋಕೆ ಬಿಡಿ, ಹತ್ತಿರದಿಂದ ಹೊಡೆದ ಕಡೆ ದೊಡ್ಡ ಗುಳಿ, ದೂರದಿಂದ ಹೊಡೆದ ಕಡೆ ಸಣ್ಣ ತೂತು, ಅಂಚೆಲ್ಲ ಕರಗಿ ಮುದುಡ್ಕೊಂಡು ಎಂಥಾ ಉಲ್ಕೆ ಆಗತ್ತೆ ಗೊತ್ತಾ! (ಮನೆ ಹೊರಗಡೆ ಮಾಡಿ, ಆ ಹೊಗೆ ಮೂಗಿಗೆ ಒಳ್ಳೇದಲ್ಲ.)

ಹಡಗಿನ ಮಾಡೆಲ್ ಒಂದು ಮೀಟರ್ ಉದ್ದ, ಪಿವಿಸಿ ಪೈಪು, ಶಾಂಪೂ ಬಾಟ್ಲಿ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ತೂಕಕ್ಕೆ ಸಿಗೋ ಸತ್ತ ಸರ್ಕ್ಯೂಟ್ ಬೋರ್ಡುಗಳು. ಬೋರ್ಡ್ ಮೇಲಿರೋ ಕೆಪ್ಯಾಸಿಟರ್, ಚಿಪ್ಪು ಎಲ್ಲಾ ಒಂದೇ ಬಣ್ಣ ಬಳಿದ ತಕ್ಷಣ ದೊಡ್ಡ ಫ್ಯಾಕ್ಟರಿ ಮೇಲಿಂದ ನೋಡ್ದಂಗೆ ಕಾಣತ್ತೆ. ಇದನ್ನ ಎಲ್ಲಿ ಶೂಟ್ ಮಾಡೋದು ಅಂದ್ರೆ ಟೆರೇಸ್ ಮೇಲೆ, ಮಟಮಟ ಮಧ್ಯಾಹ್ನ. ತಮಾಷೆ ಅಲ್ಲ. ಅಂತರಿಕ್ಷದಲ್ಲಿ ಗಾಳಿ ಇಲ್ಲ, ಬೆಳಕು ಚದುರಲ್ಲ, ನೆರಳು ಕತ್ತಿ ಥರ ಇರ್ಬೇಕು, ಅದು ಬಿಸಿಲಲ್ಲಿ ಪುಕ್ಸಟ್ಟೆ ಸಿಗತ್ತೆ. ಇನ್ನೊಂದು ಕಾರಣ, ಸ್ಲೋ ಮೋಷನ್‌ನಲ್ಲಿ ತೆಗೆದ್ರೆ ಮನೆ ಎಲ್‌ಇಡಿ ಬಲ್ಬುಗಳು ಪಟಪಟ ಮಿನುಗೋದು ಕಾಣತ್ತೆ, ಸೂರ್ಯ ಮಿನುಗಲ್ಲ. ಹಿಂದೆ ಕಪ್ಪು ವೆಲ್ವೆಟ್ ಬಟ್ಟೆನೇ ಕಟ್ಟಿ, ಮಾಮೂಲಿ ಕಪ್ಪು ಬಟ್ಟೆ ಬಿಸಿಲಿಗೆ ಬೂದು ಹೊಡೀತದೆ.

ಸ್ಲೋ ಮೋಷನ್ ಯಾಕೆ ಅಂದ್ರೆ, ಸಣ್ಣ ಮಾಡೆಲ್ ಇಳಿಯುವಾಗ ಏಳೋ ಧೂಳು ಟಪ್ ಅಂತ ಕೆಳಗೆ ಬಿದ್ದುಬಿಡತ್ತೆ, ನೋಡೋ ಕಣ್ಣಿಗೆ ಆಟಿಕೆ ಅಂತ ಅಲ್ಲೇ ಗೊತ್ತಾಗೋದು. ಹಳೇ ಮಿನಿಯೇಚರ್ ಕೆಲಸದೋರ ಲೆಕ್ಕ ಏನಂದ್ರೆ ಮಾಡೆಲ್ ಎಷ್ಟು ಪಾಲು ಚಿಕ್ಕದೋ ಅದ್ರ ವರ್ಗಮೂಲದಷ್ಟು ಸ್ಪೀಡಾಗಿ ಶೂಟ್ ಮಾಡಿ ಮಾಮೂಲಿ ಸ್ಪೀಡಲ್ಲಿ ತೋರಿಸ್ಬೇಕು. ಕಥೇಲಿ ನಮ್ಮ ಹಡಗು 25 ಮೀಟರ್, ಮಾಡೆಲ್ 1 ಮೀಟರ್, 25ರ ವರ್ಗಮೂಲ 5, ಸಿನಿಮಾದ ಮಾಮೂಲಿ ಸ್ಪೀಡು ಸೆಕೆಂಡಿಗೆ 24 ಫ್ರೇಮ್ ಇಂಟು 5 ಅಂದ್ರೆ 120, ಈಗಿನ ಸಾಧಾರಣ ಮೊಬೈಲಲ್ಲೂ ಇರೋ ಸೆಟ್ಟಿಂಗ್ ಅದು. ಮೊಬೈಲಿನ ಸೆನ್ಸರ್ ಪುಟ್ಟದು ಅಂತ ಜನ ಬೈತಾರಲ್ಲ, ಮಾಡೆಲ್ ಶೂಟಿಂಗಿಗೆ ಅದೇ ವರ, ಹಡಗಿನ ಮೂತಿಯಿಂದ ಬಾಲದವರೆಗೂ ಫೋಕಸ್ ಇರತ್ತೆ. ದೊಡ್ಡ ಕ್ಯಾಮೆರಾದಲ್ಲಿ ಹಿಂದುಗಡೆ ಮಸುಕಾಗಿ ಸೈಜ್ ಬಯಲಾಗತ್ತೆ.

ದಾರ ಅಡಗ್ಸೋದಕ್ಕೆ ಮಾಡೆಲನ್ನ ತಲೆಕೆಳಗಾಗಿ ನೇತಾಕಿ ಶೂಟ್ ಮಾಡಿ ಆಮೇಲೆ ವಿಡಿಯೋ ತಿರುಗ್ಸಿ. ದಾರ ಈಗ ಹಡಗಿನ ಕೆಳಗಡೆ ಇರತ್ತೆ, ನೋಡೋರು ಹುಡುಕೋದು ಮೇಲ್ಗಡೆ. ಅಷ್ಟಾದ್ರೂ ಒಂದೆರಡು ಶಾಟಲ್ಲಿ ಕಾಣತ್ತೆ, ಕಾಣ್ಲಿ ಬಿಡಿ, ಎಡ್ ವುಡ್ ಅನ್ನೋ ನಿರ್ದೇಶಕ 1950ರ ದಶಕದಲ್ಲಿ ಅಂಗಡೀಲಿ ಸಿಗೋ ಪ್ಲಾಸ್ಟಿಕ್ ಕಿಟ್ ಹಾರುವ ತಟ್ಟೆನ ದಾರದಲ್ಲಿ ಅಲ್ಲಾಡ್ಸಿದ್ದನ್ನ ಜನ ಇವತ್ತಿಗೂ ನೋಡ್ತಿಲ್ವಾ. ನಕ್ಷತ್ರಗಳದ್ದು ಇನ್ನೊಂದು ಮಜಾ. ಅಪೋಲೋದವರು ಚಂದ್ರನ ಮೇಲೆ ತೆಗೆದ ಫೋಟೋದಲ್ಲಿ ನಕ್ಷತ್ರ ಕಾಣಲ್ಲ, ಬಿಸಿಲಿಗೆ ತಕ್ಕ ಹಾಗೆ ಎಕ್ಸ್‌ಪೋಷರ್, ಅಂದ್ರೆ ಕ್ಯಾಮೆರಾ ಒಳಗೆ ಬಿಡೋ ಬೆಳಕು, ಇಟ್ರೆ ಅಷ್ಟು ಮಂದ ಬೆಳಕು ಬೀಳಲ್ಲ, ಹಾಗಾಗಿ ನಕ್ಷತ್ರ ಹಾಕ್ದೇ ಇರೋದೇ ಸರಿ. ನಾನು ಹಾಕಿದೆ. ನಕ್ಷತ್ರ ಇಲ್ಲದ ಆಕಾಶನ ನಮ್ಮ ಮಾವನೇ ಒಪ್ಲಿಲ್ಲ, ಇನ್ನು ಬೇರೆಯೋರು ಒಪ್ತಾರಾ.

ಈಗ ನಟನೆ, ಇದೇ ಮುಖ್ಯ. ಶುರುವಲ್ಲಿ ನನ್ನ ಫ್ರೆಂಡ್ಸ್ ಇಬ್ರೂ ಹೆಂಗಿದ್ರೂ ಚೀಪ್ ಸಿನಿಮಾ ಅಲ್ವಾ ಅಂತ ಕಾಮಿಡಿಯಾಗಿ, ಕ್ಯಾಮೆರಾಗೆ ಕಣ್ಣು ಹೊಡೆಯೋ ಥರ ಮಾಡೋರು. ಮಾವ ಮಾತ್ರ ಹವ್ಯಾಸಿ ನಾಟಕದಲ್ಲಿ ಪಳಗಿದೋರು, ಬೈಕ್ ಹೆಲ್ಮೆಟ್ಟಿಗೆ ಬಿಳಿ ಪೇಂಟ್ ಹೊಡೆದು ಗಾಜು ಕಿತ್ತಿರೋದನ್ನ ಹಾಕ್ಕೊಂಡು, ಇಡ್ಲಿ ತಟ್ಟೆ ಮೇಲೆ ಬೆರಳಿಟ್ಟು, "ಭೂಮಿಗೆ ಕೊನೇ ಸಂದೇಶ ಕಳಿಸ್ತಾ ಇದೀನಿ" ಅಂದಾಗ ಶೆಡ್ಡಲ್ಲಿ ಯಾರೂ ನಗ್ಲಿಲ್ಲ. 1953ರ ‘ರೋಬಾಟ್ ಮಾನ್‌ಸ್ಟರ್’ ನೋಡಿ, ಅನ್ಯಗ್ರಹ ಜೀವಿಗೆ ವೇಷ ಹೊಲ್ಸೋಕೆ ದುಡ್ಡಿಲ್ದೆ, ಸ್ವಂತ ಗೊರಿಲ್ಲಾ ಸೂಟ್ ಇದ್ದ ಜಾರ್ಜ್ ಬ್ಯಾರೋಸ್ ಅನ್ನೋ ನಟನ್ನ ಕರ್ಸಿ ತಲೆ ಮೇಲೊಂದು ಹೆಲ್ಮೆಟ್ ಕೂರ್ಸಿದ್ರು, ಪಕ್ಕದಲ್ಲಿ ಸೋಪಿನ ಗುಳ್ಳೆ ಬಿಡೋ ಮೆಷಿನ್. ಆ ಮನುಷ್ಯ ಆ ಸೂಟೊಳಗೆ ಬೆಂದ್ಕೊಂಡು, ಮನುಷ್ಯರನ್ನ ಕೊಲ್ಲೋದೋ ಬಿಡೋದೋ ಅಂತ ನಿಜವಾಗ್ಲೂ ಒದ್ದಾಡ್ತಾನೆ. ಚಂದ ಇರೋದು ಅಲ್ಲಿ, ಗೊರಿಲ್ಲಾ ಸೂಟಲ್ಲಲ್ಲ. ಬೇಕಂತ ಕೆಟ್ಟದಾಗಿ ಮಾಡಿದ ಈಗಿನ ಕೆಲವು ಸಿನಿಮಾ ಹತ್ತು ನಿಮಿಷಕ್ಕೇ ಬೋರ್ ಹೊಡ್ಸೋದೂ ಇದಕ್ಕೇ ಅಂತ ನನ್ನ ಅಭಿಪ್ರಾಯ, ಅಲ್ಲಿ ಯಾರೂ ಯಾವುದನ್ನೂ ನಂಬಿರಲ್ಲ. ನಮ್ಮ ಕಂಪನಿ ನಾಟಕದೋರಿಗೆ ಇದು ಮೊದ್ಲೇ ಗೊತ್ತಿತ್ತು. ಗುಬ್ಬಿ ಕಂಪನಿಯೋರು ಕುರುಕ್ಷೇತ್ರಕ್ಕೆ ನಿಜವಾದ ಆನೆನೇ ಸ್ಟೇಜಿಗೆ ತಂದ್ರು, ಅಷ್ಟು ತಾಕತ್ತಿಲ್ಲದೋರು ಆಂಜನೇಯನ್ನ ಹಗ್ಗದಲ್ಲಿ ಹಾರಿಸಿದ್ರು, ಹಗ್ಗ ಕಂಡ್ರೂ ಜನ ಕೈ ಮುಗಿದ್ರು.

ಮಂಗಳದ ನೆಲಕ್ಕೆ ಊರ ಹೊರಗಿನ ಹಳೇ ಕಲ್ಲು ಕ್ವಾರಿ. ಹಾಲಿವುಡ್‌ನೋರೂ ಅಷ್ಟೇ, ರೋಬಾಟ್ ಮಾನ್‌ಸ್ಟರ್ ತೆಗೆದ ಬ್ರಾನ್ಸನ್ ಕ್ಯಾನ್ಯನ್ ಅನ್ನೋದೂ ಒಂದು ಹಳೇ ಕ್ವಾರಿನೇ. ಕ್ಯಾಮೆರಾದಲ್ಲಿ ಬಣ್ಣದ ಛಾಯೆ ಬದ್ಲಾಯ್ಸೋ ವೈಟ್ ಬ್ಯಾಲೆನ್ಸನ್ನ ಪೂರ್ತಿ ಕೆಂಪಿಗೆ ತಳ್ಳಿ, ನೀಲಿ ಆಕಾಶ ಬರದ ಹಾಗೆ ಮೇಲಿಂದ ಕೆಳಗೆ ಹಿಡೀರಿ, ಅಷ್ಟೇ.

ಸೌಂಡಿಗೆ ದುಡ್ಡೇ ಬೇಡ. ಗ್ರೈಂಡರ್ ಶಬ್ದದ ಪಿಚ್ ಇಳ್ಸಿದ್ರೆ ಇಂಜಿನ್, ಸ್ಟೀಲ್ ಬೀರು ಬಾಗಿಲು ಏರ್‌ಲಾಕ್, ಕುಕ್ಕರ್ ವಿಷಲ್ ಹೋಗೋಕ್ ಮುಂಚೆ ಬರೋ ಸುಯ್ ಅನ್ನೋದು ಆಕ್ಸಿಜನ್ ಲೀಕು.

ಮುಂದಿನದ್ದು ಗುರು ಗ್ರಹಕ್ಕೆ, ಕಥೆ ಅರ್ಧ ಬರ್ದಾಗಿದೆ. ಯಾರ ಮನೇಲಾದ್ರೂ ಹಳೇ ಸ್ಕೂಟರ್ ಸ್ಪೀಡೋಮೀಟರ್, ಕೆಟ್ಟ ಮಿಕ್ಸಿ, ಮುರಿದ ಟೇಬಲ್ ಫ್ಯಾನ್ ಇದ್ರೆ ಗುಜರಿಗೆ ಹಾಕೋಕ್ ಮುಂಚೆ ನಂಗೊಂದ್ ಮಾತು ಹೇಳಿ, ಫ್ಯಾನಿನ ಜಾಲರಿ ಅಂತೂ ಅರ್ಜೆಂಟಾಗಿ ಬೇಕು.