ಹಳೆಯ ಕಂಪ್ಯೂಟರ್‌ಗೆ ಎಸ್‌ಎಸ್‌ಡಿ: ಎಲ್ಲಿ ಕಾಸು ಬಿಚ್ಚಬೇಕು, ಎಲ್ಲಿ ಬಿಗಿಹಿಡಿಯಬೇಕು

ತುಮಕೂರಿನ ಯಾವ ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿ ‘ಸಿಸ್ಟಂ ತುಂಬಾ ನಿಧಾನ’ ಎಂದರೂ ಈಗ ಸಿಗುವ ಉತ್ತರ ಒಂದೇ: ಎಸ್‌ಎಸ್‌ಡಿ ಹಾಕಿಸಿ. ಹಾರ್ಡ್ ಡಿಸ್ಕ್‌ನ ಬದಲು ಚಿಪ್‌ಗಳಲ್ಲಿ ಮಾಹಿತಿ ಇಟ್ಟುಕೊಳ್ಳುವ ಡ್ರೈವ್ ಅದು. ಉತ್ತರ ಸರಿಯಾದದ್ದೇ. ತೊಡಕು ಶುರುವಾಗುವುದು ‘ಯಾವುದು ಹಾಕಿಸಲಿ?’ ಎಂದು ಕೇಳಿದ ಮೇಲೆ. ಗಾಜಿನ ಕಪಾಟಿನಿಂದ ಮೂರು ನಾಲ್ಕು ಡಬ್ಬಿಗಳು ಹೊರಬರುತ್ತವೆ. ಒಂದರ ಮೇಲೆ 550, ಇನ್ನೊಂದರ ಮೇಲೆ 3,500, ಮತ್ತೊಂದರ ಮೇಲೆ 7,000 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಸೆಕೆಂಡಿಗೆ ಎಷ್ಟು ಎಂಬಿ ಓದಬಲ್ಲದು ಎಂಬ ಲೆಕ್ಕ ಅದು. ದೊಡ್ಡ ಅಂಕಿಯೇ ಒಳ್ಳೆಯ ಸರಕು ಎಂದು ನಂಬಿ ಹೆಚ್ಚು ಹಣ ತೆರುವವರು ಬಹಳ. ಮನೆಯ ಕಂಪ್ಯೂಟರ್‌ಗೆ ಆ ಅಂಕಿ ಬಹುಮಟ್ಟಿಗೆ ಅಲಂಕಾರ. ಬಜೆಟ್ ಚಿಕ್ಕದಿದ್ದರೆ ಹಣ ಹೋಗಬೇಕಾದದ್ದು ಜಾಗಕ್ಕೆ, ವಾರಂಟಿಗೆ ಮತ್ತು ಪಕ್ಕಾ ಬಿಲ್ಲಿಗೆ.

ಈ ಲೇಖನದಲ್ಲಿ ರೂಪಾಯಿ ಲೆಕ್ಕದ ಬೆಲೆಗಳಿಲ್ಲ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್‌ಗಳ ಬೆಲೆ ಏರುಮುಖವಾಗಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಸಗಟಾಗಿ ಚಿಪ್ ಎತ್ತಿಕೊಳ್ಳುತ್ತಿರುವುದರಿಂದ ಮನೆಬಳಕೆಯ ಸರಕಿಗೂ ಅದರ ಬಿಸಿ ತಟ್ಟಿದೆ. ಇಂದು ಬರೆದ ಬೆಲೆ ನೀವು ಅಂಗಡಿಗೆ ಹೋಗುವ ಹೊತ್ತಿಗೆ ಸುಳ್ಳಾಗಿರಬಹುದು.

ಮೊದಲು ರೋಗ ಯಾವುದೆಂದು ನೋಡಿ

ಕಂಪ್ಯೂಟರ್ ಶುರುವಾದ ಕೂಡಲೇ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಡಿಸ್ಕ್’ ಎಂಬ ಕಂಬ ಐದು ಹತ್ತು ನಿಮಿಷ ಶೇ 100ರ ಆಸುಪಾಸಿನಲ್ಲೇ ನಿಂತಿದ್ದರೆ ಹಾರ್ಡ್ ಡಿಸ್ಕೇ ಅಪರಾಧಿ. ‘ಪರ್ಫಾರ್ಮೆನ್ಸ್’ ಪುಟದಲ್ಲಿ ಈಗಿರುವುದು ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಎಂಬುದೂ ಗೊತ್ತಾಗುತ್ತದೆ. ‘ಮೆಮೊರಿ’ ಕಂಬವನ್ನೂ ಅಲ್ಲೇ ನೋಡಿಕೊಳ್ಳಿ. 4 ಜಿಬಿ ರ‍್ಯಾಮ್ ಇದ್ದು, ಬ್ರೌಸರ್ ತೆರೆದೊಡನೆ ಅದು ಶೇ 90 ದಾಟಿದರೆ, ಎಸ್‌ಎಸ್‌ಡಿಯ ಜೊತೆಗೆ ಇನ್ನೊಂದು 4 ಜಿಬಿ ರ‍್ಯಾಮ್‌ಗೂ ಹಣ ಎತ್ತಿಡಬೇಕು. ಇಲ್ಲವಾದರೆ ಅರ್ಧ ಕೆಲಸ ಮಾಡಿಸಿದಂತೆ.

ಹಾರ್ಡ್ ಡಿಸ್ಕ್‌ನೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಗಳಿವೆ. ಓದುವ ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು, ಬೇಕಾದ ಭಾಗ ಕೆಳಗೆ ಬರುವವರೆಗೆ ಕಾಯಬೇಕು. ಹೀಗೆ ಒಂದೊಂದು ಹುಡುಕಾಟಕ್ಕೂ ಹತ್ತು ಮಿಲಿಸೆಕೆಂಡ್‌ನಷ್ಟು ಹಿಡಿಯುವುದರಿಂದ ಸೆಕೆಂಡಿಗೆ ನೂರರ ಆಸುಪಾಸು ಹುಡುಕಾಟವಷ್ಟೇ ಸಾಧ್ಯ. ವಿಂಡೋಸ್ ಏಳುವಾಗ ಸಾವಿರಾರು ಚಿಕ್ಕ ಚಿಕ್ಕ ಕಡತಗಳನ್ನು ಓದುತ್ತದೆ. ನಿಧಾನ ಹುಟ್ಟುವುದೇ ಇಲ್ಲಿ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಅಗ್ಗದ್ದು ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಹುಡುಕಾಟ ಮುಗಿಸುತ್ತದೆ. ಆದ್ದರಿಂದ ಹಾರ್ಡ್ ಡಿಸ್ಕ್‌ನಿಂದ ಸಾಮಾನ್ಯ ಎಸ್‌ಎಸ್‌ಡಿಗೆ ಹೋದಾಗ ಕಾಣುವ ವ್ಯತ್ಯಾಸ ಬಹಳ ದೊಡ್ಡದು. ಸಾಮಾನ್ಯ ಎಸ್‌ಎಸ್‌ಡಿಯಿಂದ ದುಬಾರಿಯದಕ್ಕೆ ಹೋದಾಗ, ಪತ್ರ ಬರೆಯುವ, ಪಹಣಿ ತೆಗೆಯುವ, ಮಕ್ಕಳ ಆನ್‌ಲೈನ್ ಪಾಠ ನೋಡುವ ಮನೆಯಲ್ಲಿ ಕಣ್ಣಿಗೆ ಕಾಣುವುದು ಅತ್ಯಲ್ಪ. ವಿಡಿಯೊ ಸಂಕಲನ ಮಾಡುವವರ ಮಾತು ಬೇರೆ.

ನಿಮ್ಮ ಕಂಪ್ಯೂಟರ್‌ನಲ್ಲಿ ಯಾವುದು ಕೂರುತ್ತದೆ?

ಅಂಗಡಿಗೆ ಹೋಗುವ ಮೊದಲೇ ಉತ್ತರ ತಿಳಿದಿರಬೇಕಾದ ಪ್ರಶ್ನೆ ಇದು. ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು 2.5 ಇಂಚಿನ ಸಾಟಾ. ಡ್ರೈವನ್ನು ಕಂಪ್ಯೂಟರ್‌ನ ಮುಖ್ಯ ಫಲಕಕ್ಕೆ (ಮದರ್‌ಬೋರ್ಡ್) ಜೋಡಿಸುವ ಹಳೆಯ ದಾರಿಯ ಹೆಸರು ಸಾಟಾ. ಚಪ್ಪಟೆ ಪೆಟ್ಟಿಗೆಯಂತಿದ್ದು, ಸಾಮಾನ್ಯವಾಗಿ 7 ಮಿ.ಮೀ. ದಪ್ಪವಿರುತ್ತದೆ. ಹಾರ್ಡ್ ಡಿಸ್ಕ್ ಇದ್ದ ಬಹುತೇಕ ಎಲ್ಲ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳಲ್ಲೂ ಕೂರುತ್ತದೆ. ವೇಗ 550ಕ್ಕೆ ನಿಲ್ಲುತ್ತದೆ, ಏಕೆಂದರೆ ಸಾಟಾ ದಾರಿಯ ಮಿತಿಯೇ ಅಷ್ಟು. ಎರಡನೆಯದು ಎಂ.2 ಆಕಾರದ ಸಾಟಾ: ನೋಡಲು ರ‍್ಯಾಮ್ ಪಟ್ಟಿಯಂತೆ, ವೇಗ ಮೊದಲನೆಯದರಷ್ಟೇ. ಮೂರನೆಯದು ಎಂ.2 ಆಕಾರದ ಎನ್‌ವಿಎಂಇ, ಅಂದರೆ ಸಾಟಾ ಬಿಟ್ಟು ಇನ್ನೂ ವೇಗದ ದಾರಿ ಹಿಡಿಯುವಂಥದ್ದು. ಡಬ್ಬಿಯ ಮೇಲಿನ 3,500, 7,000 ಎಲ್ಲ ಇದರ ಬಾಬತ್ತು.

ಎರಡನೆಯದೂ ಮೂರನೆಯದೂ ಹೊರನೋಟಕ್ಕೆ ಒಂದೇ ಬಗೆ. ಜನ ಎಡವುವುದು ಇಲ್ಲಿಯೇ. ಕೆಲವು ಮದರ್‌ಬೋರ್ಡ್‌ಗಳ ಎಂ.2 ಸ್ಲಾಟ್ ಸಾಟಾ ಮಾತ್ರ ಒಪ್ಪುತ್ತದೆ, ಕೆಲವು ಎನ್‌ವಿಎಂಇ ಮಾತ್ರ, ಕೆಲವು ಎರಡನ್ನೂ. ಪಟ್ಟಿಯ ಬಾಯಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಕಚ್ಚು ಇದ್ದರೆ ಎನ್‌ವಿಎಂಇ. ಇದಕ್ಕೆ ಅಪವಾದಗಳಿವೆ, ಹಾಗಾಗಿ ಕಚ್ಚು ಎಣಿಸಿ ತೃಪ್ತರಾಗದೆ ಲೇಬಲ್ ಓದಿ. ಉದ್ದವನ್ನೂ ಗಮನಿಸಬೇಕು: 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಗಿಡ್ಡನೆಯ 2242 ಅಥವಾ 2230 ಮಾತ್ರ ಹಿಡಿಸುತ್ತದೆ.

ಮದರ್‌ಬೋರ್ಡ್ ಯಾವುದೆಂದು ತಿಳಿಯಲು ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಂ ಇನ್ಫರ್ಮೇಷನ್’ ಎಂದು ಹುಡುಕಿ, ‘ಬೇಸ್‌ಬೋರ್ಡ್’ ಸಾಲಿನಲ್ಲಿರುವ ಹೆಸರನ್ನು ಬರೆದುಕೊಳ್ಳಿ. ಆ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದರೆ ತಯಾರಕರ ಪುಟದಲ್ಲೇ ಯಾವ ಸ್ಲಾಟ್ ಇದೆಯೆಂಬ ವಿವರ ಸಿಗುತ್ತದೆ. ಹೆಸರಿನಲ್ಲಿ ಎಚ್61 ಎಂದಿದ್ದರೆ ಅದು ಇಂಟೆಲ್‌ನ ಎರಡನೇ ಮತ್ತು ಮೂರನೇ ತಲೆಮಾರಿನ ಪ್ರೊಸೆಸರ್‌ಗಳ ಕಾಲದ ಬೋರ್ಡ್. ಅದರಲ್ಲಿ ಎಂ.2 ಸ್ಲಾಟ್ ಸಾಮಾನ್ಯವಾಗಿ ಇರುವುದಿಲ್ಲ. ಅದರ ಸಾಟಾ ಪೋರ್ಟ್ ಕೂಡ ಹಳೆಯ ದರ್ಜೆಯದು, 550ರ ಅರ್ಧ ವೇಗವಷ್ಟೇ ಸಿಗುತ್ತದೆ. ಆದರೂ ಹಾಕಿಸಿ. ಮೇಲೆ ಹೇಳಿದ ಹುಡುಕಾಟದ ಲಾಭ ಆ ಅರ್ಧ ವೇಗದಲ್ಲೂ ಕೈಬಿಡುವುದಿಲ್ಲ. ಇಂಥ ಬೋರ್ಡ್‌ಗೆ ‘ಅಡಾಪ್ಟರ್ ಕಾರ್ಡ್ ಹಾಕಿ ಎನ್‌ವಿಎಂಇ ಕೂರಿಸೋಣ’ ಎಂದು ಯಾರಾದರೂ ಹುರಿದುಂಬಿಸಿದರೆ ನಯವಾಗಿ ಬೇಡವೆನ್ನಿ. ಕಾರ್ಡ್ ಕೂರುತ್ತದೆ, ಆದರೆ ಅಷ್ಟು ಹಳೆಯ ಬಯೋಸ್ (ಕಂಪ್ಯೂಟರನ್ನು ಮೊದಲು ಎಬ್ಬಿಸುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಸಾಮಾನ್ಯವಾಗಿ ಅದರಿಂದ ವಿಂಡೋಸ್ ಎಬ್ಬಿಸುವುದಿಲ್ಲ.

ಇನ್ನೊಂದು ವಿಚಾರ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಮತ್ತು ಇಂಟೆಲ್ ಆದರೆ ಎಂಟನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್. ನಿಮ್ಮದು ಅದಕ್ಕಿಂತ ಹಳೆಯದಾಗಿದ್ದರೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿಸಿಕೊಳ್ಳುವುದು ಒಂದು ದಾರಿ. ಹಾಗಿದ್ದಾಗಲೂ 2.5 ಇಂಚಿನ ಸಾಟಾ ಕೊಂಡದ್ದು ನಷ್ಟವಲ್ಲ. ಮುಂದೆ ಹೊಸ ಡೆಸ್ಕ್‌ಟಾಪ್ ಬಂದರೆ ಅದಕ್ಕೆ ಸಿಕ್ಕಿಸಬಹುದು.

ಎಷ್ಟು ಜಿಬಿ ಬೇಕು?

120 ಅಥವಾ 128 ಜಿಬಿಯದನ್ನು ಅಗ್ಗವೆಂದು ಕೊಳ್ಳಲೇಬೇಡಿ. ವಿಂಡೋಸ್, ಅದರ ಅಪ್‌ಡೇಟ್‌ಗಳು, ಒಂದಿಷ್ಟು ತಂತ್ರಾಂಶಗಳು ಸೇರಿ ಬೇಗನೆ ತುಂಬಿಬಿಡುತ್ತವೆ. ತುಂಬಿದ ಎಸ್‌ಎಸ್‌ಡಿ ನಿಧಾನವೂ ಆಗುತ್ತದೆ, ಬೇಗ ಸವೆಯುತ್ತದೆ. ಶೇ 15ರಿಂದ 20ರಷ್ಟು ಜಾಗ ಸದಾ ಖಾಲಿ ಇರಬೇಕು. ಪತ್ರ ವ್ಯವಹಾರಕ್ಕೆ ಮಾತ್ರ ಬಳಸುವವರಿಗೆ 240 ಅಥವಾ 256 ಸಾಕು. ಉಳಿದವರಿಗೆ 480ರಿಂದ 512. ಬೆಲೆಯನ್ನು ಜಿಬಿಗೆ ಭಾಗಿಸಿ ನೋಡಿ: ಚಿಕ್ಕ ಡ್ರೈವ್‌ಗಳಲ್ಲಿ ಒಂದೊಂದು ಜಿಬಿಗೆ ಹೆಚ್ಚು ತೆರುತ್ತಿರುವುದು ಸಾಮಾನ್ಯವಾಗಿ ಕಾಣುತ್ತದೆ. ಮದುವೆ ವಿಡಿಯೊ, ಫೋಟೊ ರಾಶಿ ಹಳೆಯ ಹಾರ್ಡ್ ಡಿಸ್ಕ್‌ನಲ್ಲೇ ಇರಲಿ. ಡೆಸ್ಕ್‌ಟಾಪ್‌ನಲ್ಲಿ ಎರಡೂ ಒಟ್ಟಿಗೆ ಬಾಳುತ್ತವೆ.

ಮನೆಗೆ ತಂದು ಜೋಡಿಸಿದ ಮೇಲೆ 512ರ ಬದಲು 476 ಎಂದು ಕಂಡರೆ ಅಂಗಡಿಯವರ ಮೇಲೆ ಹರಿಹಾಯಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ. 480 ಜಿಬಿ 447 ಆಗುತ್ತದೆ, 1 ಟಿಬಿ 931 ಜಿಬಿ ಆಗುತ್ತದೆ.

ಡಬ್ಬಿ ಹೇಳದ ಸಂಗತಿ

ಚಿಪ್‌ನ ಒಂದು ಕೋಶದಲ್ಲಿ ಮೂರು ಬಿಟ್ ಇಟ್ಟರೆ ಟಿಎಲ್‌ಸಿ, ನಾಲ್ಕು ಬಿಟ್ ಇಟ್ಟರೆ ಕ್ಯೂಎಲ್‌ಸಿ. ನಾಲ್ಕನ್ನು ತುರುಕಿದಾಗ ಬೆಲೆ ಇಳಿಯುತ್ತದೆ, ಬರೆಯುವ ವೇಗವೂ ಬಾಳಿಕೆಯೂ ಇಳಿಯುತ್ತವೆ. ಡ್ರೈವ್‌ಗಳು ಇದನ್ನು ಮರೆಮಾಚಲು ಒಂದಷ್ಟು ಭಾಗವನ್ನು ವೇಗದ ತಾತ್ಕಾಲಿಕ ಜಾಗವಾಗಿ ಇಟ್ಟುಕೊಂಡಿರುತ್ತವೆ. ಡಬ್ಬಿಯ ಮೇಲಿನ ಬರೆಯುವ ವೇಗ ಆ ಜಾಗದ್ದು. ದೊಡ್ಡ ಕಡತ ಒಂದೇ ಸಮನೆ ಸುರಿಯುತ್ತ ಹೋದರೆ ಆ ಜಾಗ ತುಂಬಿ, ಅಗ್ಗದ ಕ್ಯೂಎಲ್‌ಸಿ ಡ್ರೈವ್‌ನ ವೇಗ ಹಾರ್ಡ್ ಡಿಸ್ಕ್‌ಗಿಂತಲೂ ಕೆಳಗಿಳಿಯುವುದುಂಟು. ದಿನನಿತ್ಯದ ಬಳಕೆಯಲ್ಲಿ ಇದು ಅಪರೂಪ. ಬೆಲೆ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಟಿಎಲ್‌ಸಿ ಆರಿಸಿ, ಅಷ್ಟೇ.

ಇದರಲ್ಲೂ ಒಂದು ಕಿರಿಕಿರಿಯಿದೆ. ಅಗ್ಗದ ಮಾದರಿಗಳಲ್ಲಿ ಹೆಸರು ಅದೇ ಇದ್ದು ಒಳಗಿನ ಚಿಪ್ ಬದಲಾಗುತ್ತದೆ. ಟಿಎಲ್‌ಸಿಯೊಂದಿಗೆ ಬಂದಿದ್ದ ಕ್ರೂಷಿಯಲ್ ಪಿ2 ಮಾದರಿ 2021ರಲ್ಲಿ ಅದೇ ಹೆಸರಿನಲ್ಲಿ ಕ್ಯೂಎಲ್‌ಸಿಗೆ ಬದಲಾಯಿತು. ಎರಡು ವರ್ಷ ಹಳೆಯ ವಿಮರ್ಶೆ ಓದಿ ಕೊಂಡ ಡ್ರೈವ್ ಒಳಗೆ ಬೇರೆಯದೇ ಆಗಿರಬಹುದು. ಹೀಗಾಗಿ ಚಿಪ್‌ನ ಜಾತಕ ಬಿಡಿಸುವುದಕ್ಕಿಂತ ತಯಾರಕರು ಲಿಖಿತವಾಗಿ ಒಪ್ಪಿಕೊಂಡಿರುವ ಎರಡು ಸಂಗತಿ ನೋಡುವುದು ಜಾಣತನ: ವಾರಂಟಿ ಎಷ್ಟು ವರ್ಷ ಮತ್ತು ಟಿಬಿಡಬ್ಲ್ಯು ಎಷ್ಟು. ಟಿಬಿಡಬ್ಲ್ಯು ಎಂದರೆ ವಾರಂಟಿಯೊಳಗೆ ಒಟ್ಟು ಎಷ್ಟು ಟಿಬಿ ಬರೆಯಬಹುದು ಎಂಬ ಮಿತಿ. 480 ಜಿಬಿಯ ಕ್ರೂಷಿಯಲ್ ಬಿಎಕ್ಸ್500ಕ್ಕೆ ಅದು 120, ಕಿಂಗ್‌ಸ್ಟನ್ ಎ400ಕ್ಕೆ 160. ಎರಡಕ್ಕೂ ವಾರಂಟಿ ಮೂರು ವರ್ಷ. 500 ಜಿಬಿಯ ಸ್ಯಾಮ್‌ಸಂಗ್ 870 ಇವೊಗೆ 300, ಐದು ವರ್ಷ. ಕಡಿಮೆಯದು ಎಂದು ಗಾಬರಿ ಬೇಡ. ಮನೆಯಲ್ಲಿ ದಿನಕ್ಕೆ 20 ಜಿಬಿ ಬರೆದರೂ 120 ಟಿಬಿ ಮುಗಿಯಲು 6,000 ದಿನ, ಅಂದರೆ 16 ವರ್ಷ ಬೇಕು. ನನ್ನ ಮಟ್ಟಿಗೆ ವಾರಂಟಿಯ ವರ್ಷಗಳೇ ಮುಖ್ಯ.

ಅಂದ ಹಾಗೆ, ಕ್ರೂಷಿಯಲ್ ಹೆಸರಿನ ಗ್ರಾಹಕ ವಹಿವಾಟಿನಿಂದ ಹಿಂದೆ ಸರಿಯುವುದಾಗಿ ಅದರ ಒಡೆಯ ಕಂಪನಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ವಾರಂಟಿ ಸೇವೆ ಮುಂದುವರಿಯುತ್ತದೆ ಎಂದೂ ಹೇಳಿದೆ. ಅಂಗಡಿಯಲ್ಲಿ ಉಳಿದ ದಾಸ್ತಾನು ಕೊಳ್ಳುವವರು ಬಿಲ್ ಜೋಪಾನವಾಗಿಡಿ.

ತುಮಕೂರಿನ ಬಿ.ಎಚ್. ರಸ್ತೆಯೋ, ಬೆಂಗಳೂರಿನ ಎಸ್.ಪಿ. ರಸ್ತೆಯೋ?

ಬೆಂಗಳೂರು ಎಪ್ಪತ್ತು ಕಿ.ಮೀ. ದೂರ, ಬೆಳಗ್ಗೆ ರೈಲಿದೆ, ಎಸ್.ಪಿ. ರಸ್ತೆಯಲ್ಲಿ ಅಗ್ಗ ಎಂಬ ಲೆಕ್ಕ ತುಮಕೂರಿನವರಿಗೆ ಬಾಯಿಪಾಠ. ಪೂರ್ತಿ ಕಂಪ್ಯೂಟರ್ ಕಟ್ಟಿಸುವವರಿಗೆ ಆ ಪ್ರಯಾಣ ಗಿಟ್ಟುತ್ತದೆ. ಒಂದು ಎಸ್‌ಎಸ್‌ಡಿಗಾಗಿ ಹೋದರೆ ಉಳಿದದ್ದು ಊಟ, ಆಟೊಗೆ ಸರಿಹೋಗುತ್ತದೆ. ತೊಂದರೆ ಬಂದರೆ ಮತ್ತೆ ಅಲ್ಲಿಗೇ ಓಡಬೇಕು. ಊರಿನ ಅಂಗಡಿ ಇನ್ನೂರು ರೂಪಾಯಿ ಹೆಚ್ಚು ಕೇಳಿದರೂ, ಜೋಡಿಸಿ, ಹಳೆಯ ಡಿಸ್ಕ್‌ನ ಮಾಹಿತಿ ವರ್ಗಾಯಿಸಿ ಕೊಡುವುದಾದರೆ ನಾನು ಅಲ್ಲೇ ಕೊಳ್ಳಿ ಎನ್ನುತ್ತೇನೆ.

ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ‘ಬಿಲ್ ಬೇಡವೆಂದರೆ ಇಷ್ಟು ಕಡಿಮೆ’ ಎಂಬ ಮಾತಿಗೆ ಕರಗಬೇಡಿ. ತೆರಿಗೆಯ ಶೇ 18 ಉಳಿಸಲು ಹೋಗಿ ಮೂರು ವರ್ಷದ ವಾರಂಟಿ ಕಳೆದುಕೊಳ್ಳುವ ವ್ಯಾಪಾರ ಅದು. ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿ, ಅಂಗಡಿಯಲ್ಲೇ ನಿಂತು ಡ್ರೈವ್ ಮೇಲಿನ ಸಂಖ್ಯೆಯೊಂದಿಗೆ ತಾಳೆ ನೋಡಿ. ಡಬ್ಬಿಯಿಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿ ಕೊಡುವ ಡ್ರೈವ್‌ಗಳು ಸಾಮಾನ್ಯವಾಗಿ ಲ್ಯಾಪ್‌ಟಾಪ್‌ನಿಂದ ಬಿಚ್ಚಿದಂಥವು. ಸರಕು ಚೆನ್ನಾಗಿರಬಹುದು, ಆದರೆ ಅದಕ್ಕೆ ಅಂಗಡಿಯವರ ಮಾತೇ ವಾರಂಟಿ. ಆನ್‌ಲೈನ್‌ನಲ್ಲಿ ಪುಡಿಗಾಸಿಗೆ ಸಿಗುವ ‘16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ’ ಶುದ್ಧ ಮೋಸ. ಒಳಗೆ ಮೊಬೈಲ್‌ನ ಮೆಮೊರಿ ಕಾರ್ಡ್ ಇರುತ್ತದೆ.

ಮನೆಗೆ ಬಂದ ಕೂಡಲೇ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಿ. ಹೊಸ ಡ್ರೈವ್ ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ಸೊನ್ನೆಯ ಹತ್ತಿರ ಇರಬೇಕು. ಸಾವಿರಾರು ಗಂಟೆ ತೋರಿಸಿದರೆ ಅದು ಹೊಸದಲ್ಲ, ಅಂದೇ ಹಿಂದಿರುಗಿಸಿ.

ಜೋಡಿಸುವಾಗ

ಡೆಸ್ಕ್‌ಟಾಪ್‌ಗೆ ಸಾಟಾ ಡೇಟಾ ಕೇಬಲ್ ಬೇಕು. ಎಸ್‌ಎಸ್‌ಡಿ ಡಬ್ಬಿಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಪವರ್ ಸಪ್ಲೈನಿಂದ ಬರುವ ಸಾಟಾ ತಂತಿ ಖಾಲಿ ಇದೆಯೇ ನೋಡಿಕೊಳ್ಳಿ. ಎಂ.2 ಆದರೆ ಅದನ್ನು ಹಿಡಿದಿಡುವ ಪುಟ್ಟ ಸ್ಕ್ರೂ ಕೇಳಿ ತನ್ನಿ. ಹಳೆಯ ಬೋರ್ಡ್ ಆಗಿದ್ದರೆ ಬಯೋಸ್‌ನಲ್ಲಿ ಸಾಟಾ ವಿಧಾನ ಐಡಿಇ ಎಂದಿರಬಹುದು. ವಿಂಡೋಸ್ ಹೊಸದಾಗಿ ಹಾಕುವ ಮೊದಲು ಅದನ್ನು ಎಎಚ್‌ಸಿಐಗೆ ಬದಲಿಸಿ.

ಹಳೆಯ ಡಿಸ್ಕ್‌ನಲ್ಲಿರುವುದನ್ನು ಹಾಗೆಯೇ ನಕಲು ಮಾಡುವುದೋ, ಹೊಸದಾಗಿ ವಿಂಡೋಸ್ ಹಾಕುವುದೋ? ಹಳೆಯದು ಕಸದಿಂದ ತುಂಬಿದ್ದರೆ ಹೊಸದಾಗಿ ಹಾಕುವುದೇ ಲೇಸು. ಅಸಲಿ ವಿಂಡೋಸ್‌ನ ಡಿಜಿಟಲ್ ಪರವಾನಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುವುದರಿಂದ ಮತ್ತೆ ಕೊಳ್ಳಬೇಕಿಲ್ಲ. ಆದರೆ ಕನ್ನಡದ ಮನೆಗಳಿಗೆ ಒಂದು ಎಚ್ಚರಿಕೆ. ಹಿರಿಯರು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿಟ್ಟ ಕಡತಗಳು, ಆ ಫಾಂಟ್ ಇಲ್ಲದ ವ್ಯವಸ್ಥೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಕಡತ ಹಾಳಾಯಿತೆಂದು ಅಳಿಸಿಬಿಡುವ ಮೊದಲು ಫಾಂಟ್ ಹಾಕಿ ನೋಡಿ. ಇನ್ನೂ ಒಳ್ಳೆಯದೆಂದರೆ, ಹಳೆಯ ಡಿಸ್ಕ್‌ನ ಫಾಂಟ್ಸ್ ಫೋಲ್ಡರನ್ನು ಮೊದಲೇ ಪೆನ್‌ಡ್ರೈವ್‌ಗೆ ತೆಗೆದಿಟ್ಟುಕೊಳ್ಳಿ. ನಕಲು ಮಾಡುವವರಾದರೆ, ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ, ಅದರ ರಿಕವರಿ ಕೀಲಿಯನ್ನು ಬರೆದಿಟ್ಟುಕೊಂಡೇ ಮುಂದುವರಿಯಿರಿ. ನಕಲು ಮುಗಿದ ಮೇಲೆ ಹಳೆಯ ಡಿಸ್ಕ್‌ನ ತಂತಿ ಕಿತ್ತು ಎಸ್‌ಎಸ್‌ಡಿಯೊಂದರಿಂದಲೇ ಮೊದಲ ಸಲ ಎಬ್ಬಿಸಿ. ಎದ್ದರೆ ಕೆಲಸ ಸರಿಯಾಗಿದೆ ಎಂದರ್ಥ.

ಆಮೇಲೆ, ಹಾರ್ಡ್ ಡಿಸ್ಕ್‌ನಲ್ಲಿ ಚದುರಿದ ಕಡತದ ಚೂರುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ತಂತ್ರಾಂಶಗಳನ್ನು ತೆಗೆದುಹಾಕಿ. ವಿಂಡೋಸ್ ತಾನೇ ಟ್ರಿಮ್ ಎಂಬ ಸ್ವಚ್ಛತೆ ಮಾಡಿಕೊಳ್ಳುತ್ತದೆ. ಟ್ರಿಮ್ ಆದ ಮೇಲೆ ಅಳಿಸಿದ ಕಡತ ಮರಳಿ ಸಿಗುವುದು ಬಹುತೇಕ ಅಸಾಧ್ಯ. ಹಾರ್ಡ್ ಡಿಸ್ಕ್ ಕೆಡುವ ಮುನ್ನ ಟಕಟಕ ಎನ್ನುವುದುಂಟು, ಎಸ್‌ಎಸ್‌ಡಿ ಹಾಗೇನೂ ಹೇಳದೆ ಹೊರಟುಬಿಡಬಹುದು. ಮನೆಬಳಕೆಯ ಡ್ರೈವ್‌ಗಳಿಗೆ ಏಕಾಏಕಿ ಕರೆಂಟ್ ಹೋಗುವುದನ್ನು ತಾಳಿಕೊಳ್ಳುವ ಪೂರ್ತಿ ಏರ್ಪಾಡು ಇರುವುದಿಲ್ಲ, ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲೇಬೇಕು. ಮುಖ್ಯ ಕಾಗದಪತ್ರ, ಫೋಟೊಗಳ ಒಂದು ಪ್ರತಿ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಇರಲಿ. ಆ ಡಿಸ್ಕನ್ನು ಗುಜರಿಗೆ ಕೊಡುವ ದಿನ ಬಂದರೆ, ಬರಿದೇ ಡಿಲೀಟ್ ಮಾಡಿ ಕೊಡಬೇಡಿ. ‘ಕ್ವಿಕ್ ಫಾರ್ಮ್ಯಾಟ್’ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ, ಅದಕ್ಕೆ ಗಂಟೆಗಟ್ಟಲೆ ಹಿಡಿದರೂ ಸರಿ.